ಚಪ್ಪಾಳೆಯ ಕೆಳಗಿನ ಹಳ್ಳಿ

ಲಂಡನ್ನಿನ ವಾಯವ್ಯ ಅಂಚಿನಲ್ಲಿ ಹೆಂಡನ್ ಎಂಬ ಜಾಗವಿದೆ. ಈಗ ಅಲ್ಲಿ ಮನೆಗಳ ಸಾಲುಗಳೂ ವಿಮಾನಗಳ ಒಂದು ದೊಡ್ಡ ವಸ್ತುಸಂಗ್ರಹಾಲಯವೂ ಇವೆ. ನೂರು ವರ್ಷದ ಹಿಂದೆ ಅದು ವಿಮಾನಗಳು ಏರಿಳಿಯುವ ವಿಶಾಲವಾದ ಹುಲ್ಲಿನ ಬಯಲು. 1920ರಿಂದ 1937ರವರೆಗೆ ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಶನಿವಾರ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತನ್ನ ಕಸರತ್ತುಗಳನ್ನು ಇಲ್ಲಿ ಸಾರ್ವಜನಿಕರಿಗೆ ತೋರಿಸುತ್ತಿತ್ತು. ಮೊದಮೊದಲು ಅದನ್ನು ಪೇಜೆಂಟ್ ಎಂದು ಕರೆದರು, ಆಮೇಲೆ ಡಿಸ್‌ಪ್ಲೇ ಎಂದರು. ಜನರಿಗೆ ಮಾತ್ರ ಅದೊಂದು ಜಾತ್ರೆ. ಟಿಕೆಟ್ ಕೊಂಡವರು ಬೇಲಿಯ ಒಳಗೆ, ಉಳಿದವರು ಸುತ್ತಲಿನ ದಿಬ್ಬಗಳ ಮೇಲೆ. ಕೆಲವು ವರ್ಷ ಒಳಗೆ ಬಂದವರೇ ಲಕ್ಷ ದಾಟುತ್ತಿದ್ದರು. ರಾಜ ಐದನೆಯ ಜಾರ್ಜ್ ಕೂಡ ಬಂದು ಕೂತು ನೋಡುತ್ತಿದ್ದ.

ದಿನವಿಡೀ ವಿಮಾನಗಳ ಓಟ, ಪಲ್ಟಿ, ಅಣಕು ಕಾಳಗ ಎಲ್ಲ ಮುಗಿದ ಮೇಲೆ ಕೊನೆಗೊಂದು ನಾಟಕ ಇರುತ್ತಿತ್ತು. ಬಯಲಿನ ಒಂದು ಬದಿಯಲ್ಲಿ ಮರ ಮತ್ತು ಕ್ಯಾನ್ವಾಸಿನಿಂದ ಕಟ್ಟಿದ ಊರು ಅಥವಾ ಕೋಟೆ. ವರ್ಷ ವರ್ಷಕ್ಕೆ ಕತೆ ಬದಲಾಗುತ್ತಿತ್ತು. 1920ರ ದಶಕದ ಒಂದು ಪ್ರದರ್ಶನದಲ್ಲಿ ಅದು ಮರುಭೂಮಿಯ ಕೋಟೆ, ಅಲ್ಲಿನ ದಂಗೆಕೋರರ ಬುಡಕಟ್ಟಿನ ಹೆಸರು ‘ವಾಟ್‌ನಾಟ್’. ‘ಇನ್ನೇನೋ ಮತ್ತೊಂದು’ ಎಂದು ನಾವು ಉದಾಸೀನದಿಂದ ಹೇಳುತ್ತೇವಲ್ಲ, ಇಂಗ್ಲಿಷಿನಲ್ಲಿ ಆ ಪದದ ಅರ್ಥ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಸಲ ಕತೆ ನಡೆಯುವ ದೇಶದ ಹೆಸರು ‘ಇರ್ಕ್ವಸ್ಟೈನ್’. ಇರಾಕ್ ಮತ್ತು ಪ್ಯಾಲೆಸ್ಟೈನ್ ಎರಡನ್ನೂ ಕಲಸಿ ಮಾಡಿದ ಹೆಸರು. ಅಲ್ಲಿ ಸಿಕ್ಕಿಬಿದ್ದ ಬಿಳಿಯ ಹೆಂಗಸರನ್ನೂ ಮಕ್ಕಳನ್ನೂ ವಿಮಾನಗಳು ಬಂದು ಪಾರುಮಾಡುವುದು ಕತೆ.

ಆ ಊರಿನ ಜನರಾಗಿ ವೇಷ ಹಾಕಿದವರು ವಾಯುಪಡೆಯ ಸಿಬ್ಬಂದಿಯೇ. ಅವರು ಓಡಾಡುತ್ತಾರೆ, ಬಂದೂಕು ಝಳಪಿಸುತ್ತಾರೆ. ಜೋಡಿರೆಕ್ಕೆಯ ವಿಮಾನಗಳು ಒಂದರ ಹಿಂದೊಂದು ಎರಗುತ್ತವೆ. ನೆಲದಲ್ಲಿ ಮೊದಲೇ ಹೂತಿಟ್ಟ ಮದ್ದು ಸರಿಯಾದ ಗಳಿಗೆಗೆ ಸಿಡಿಯುತ್ತದೆ. ಊರು ಹೊತ್ತಿ ಉರಿಯುತ್ತದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಎಲ್ಲರೂ ರೈಲು, ಬಸ್ಸು ಹಿಡಿದು ಮನೆಗೆ ಹೋಗುತ್ತಾರೆ.

ಈ ಚಪ್ಪಾಳೆಯ ಬಗ್ಗೆ ನಾನು ಯೋಚಿಸತೊಡಗಿದ್ದಕ್ಕೆ ಒಂದು ಸ್ವಂತ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಯಲಹಂಕದ ಏರ್ ಶೋಗೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗಾಗ ಆರು ವರ್ಷ. ನನ್ನ ಹೆಗಲ ಮೇಲೆ ಕೂತಿದ್ದ. ಒಂದು ಯುದ್ಧವಿಮಾನ ಕಿವಿ ಗಡಚಿಕ್ಕುವಂತೆ ಮೇಲೆ ಹೋಗಿ, ತಲೆಕೆಳಗಾಗಿ, ಬೆಂಕಿಯ ಕಿಡಿಗಳನ್ನು ಉದುರಿಸಿತು. ಜನ ಹೋ ಎಂದರು. ನಾನೂ ಹೋ ಎಂದೆ. ಹುಡುಗ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ: “ಮಾವ, ಇದು ಯಾರ ಮೇಲೆ ಬಾಂಬ್ ಹಾಕತ್ತೆ?”

“ಯಾರ ಮೇಲೂ ಇಲ್ಲ ಕಣೋ, ಬರೀ ಆಟ” ಅಂದೆ.

ಅವನು ನಂಬಿದ. ನನಗೆ ಮಾತ್ರ ಆ ಉತ್ತರ ಅಂದಿನಿಂದ ಇಂದಿನವರೆಗೆ ಸರಿಹೋಗಿಲ್ಲ. ಕೊಲ್ಲುವುದಕ್ಕೆಂದು ಮಾಡಿದ ಯಂತ್ರ ಆಡುವುದನ್ನು ನೋಡಿ ಸಂತೋಷಪಡುವುದು ತಪ್ಪೇ? ತಪ್ಪಾದರೆ ಆ ತಪ್ಪು ಎಲ್ಲಿದೆ: ಯಂತ್ರದಲ್ಲೋ, ಆಟದಲ್ಲೋ, ನೋಡುವ ಕಣ್ಣಿನಲ್ಲೋ? ಈ ಪ್ರಶ್ನೆಯನ್ನು ಹಿಡಿದು ಹಿಂದೆ ಹಿಂದೆ ಹೋದಾಗ ಸಿಕ್ಕಿದ್ದು ಹೆಂಡನ್. ಇವತ್ತಿನ ಏರ್ ಶೋಗಳ ರೂಪರೇಖೆ ಗಟ್ಟಿಯಾದ ಜಾಗಗಳಲ್ಲಿ ಅದೊಂದು. ಅಲ್ಲಿ ಎಲ್ಲವೂ ಇನ್ನೂ ಬಿಚ್ಚುಬಿಚ್ಚಾಗಿತ್ತು. ಇಂದು ನಾವು ಮುಚ್ಚಿಡುವುದನ್ನು ಅವರು ಸಂಕೋಚವಿಲ್ಲದೆ ಆಡಿ ತೋರಿಸಿದ್ದರು.

ಮೊದಲು ಸಂತೋಷದ ಮಾತು. ಅದನ್ನು ಅಲ್ಲಗಳೆದರೆ ಪ್ರಶ್ನೆಯೇ ಸುಳ್ಳಾಗುತ್ತದೆ. ಬೈಪ್ಲೇನ್ ನಿಜವಾಗಿಯೂ ಚೆಲುವಾದ ವಸ್ತು. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಮರದ ಊರೆಗಳು, ಊರೆಯಿಂದ ಊರೆಗೆ ಓರೆಯಾಗಿ ಎಳೆದು ಕಟ್ಟಿದ ತಂತಿ. ಮರದ ಚೌಕಟ್ಟಿಗೆ ನಾರಗಸೆಯ ಬಟ್ಟೆ, ಆ ಬಟ್ಟೆ ಬಿಗಿಯಾಗಲೆಂದು ಮೇಲೆ ವಾರ್ನಿಷ್‌ನಂಥ ಲೇಪ. ಆ ಕಾಲದ ಇಂಜಿನ್ನುಗಳ ಶಕ್ತಿ ಕಡಿಮೆ, ವಿಮಾನ ಹಗುರವಾಗಿರಬೇಕು, ಆದರೆ ಪಲ್ಟಿ ಹೊಡೆದಾಗ ಮುರಿಯಬಾರದು. ಎರಡು ತೆಳು ರೆಕ್ಕೆಗಳನ್ನು ತಂತಿಯಿಂದ ಬಿಗಿದು ಒಂದು ಪೆಟ್ಟಿಗೆಯಂತೆ ಮಾಡಿದರೆ ಹಗುರವೂ ಹೌದು, ಗಟ್ಟಿಯೂ ಹೌದು. ಸೇತುವೆ ಕಟ್ಟುವವರಿಗೆ ಗೊತ್ತಿದ್ದ ಉಪಾಯವನ್ನು ಆಕಾಶಕ್ಕೆ ಒಯ್ದಂತೆ.

ಆ ವಿಮಾನಗಳು ನಿಧಾನವಾಗಿದ್ದವು ಎಂಬುದೂ ಮುಖ್ಯ. ಮೊದಲ ಮಹಾಯುದ್ಧದ ಕೊನೆಯಲ್ಲಿ ಬಂದ ಸಾಪ್‌ವಿತ್ ಸ್ನೈಪ್ ಎಂಬ ಕಾಳಗದ ವಿಮಾನದ ಪರಮಾವಧಿ ವೇಗ ಗಂಟೆಗೆ ಸುಮಾರು 195 ಕಿಲೋಮೀಟರ್. ಹಾಗಾಗಿ ಅದು ತಿರುಗಲು ಊರಾಚೆಗೆ ಹೋಗಬೇಕಿರಲಿಲ್ಲ. ಪಲ್ಟಿ, ಸುರುಳಿ, ಧುಮುಕು ಎಲ್ಲವೂ ಮೈದಾನದ ಮೇಲೆಯೇ, ನೋಡುವವರ ಕಣ್ಣಳತೆಯೊಳಗೇ ನಡೆಯುತ್ತಿತ್ತು. ತೆರೆದ ಗೂಡಿನಲ್ಲಿ ಕೂತ ಪೈಲಟನ ತಲೆ ಕಾಣಿಸುತ್ತಿತ್ತು. ಇಂಜಿನ್ನಿಗೆ ಹಾಕುತ್ತಿದ್ದ ಹರಳೆಣ್ಣೆ ಸುಟ್ಟ ವಾಸನೆ ಗಾಳಿಯಲ್ಲಿ ತೇಲುತ್ತಿತ್ತು. 1930ರ ಸುಮಾರಿಗೆ ಸಿಸ್ಕಿನ್ ಎಂಬ ಬೈಪ್ಲೇನುಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಹೆಂಡನ್ನಿನ ಮೇಲೆ ಕಸರತ್ತು ಮಾಡಿದವು. ಒಬ್ಬನ ಕೈ ಒಂದಿಷ್ಟು ನಡುಗಿದರೂ ಹಗ್ಗ ಹರಿಯಬೇಕು, ಇಲ್ಲವೇ ಎಲ್ಲರೂ ಬೀಳಬೇಕು. ಅಂಥ ನಂಬಿಕೆ, ಅಂಥ ಹಿಡಿತ ನೋಡಿದ ಯಾರಿಗೇ ಆದರೂ ಮೈ ಜುಮ್ಮೆನ್ನದೆ ಇರದು. ಅದನ್ನು ಮೆಚ್ಚಿದವರು ಕೆಟ್ಟವರು ಎಂದು ಹೇಳಲು ನನಗೆ ಮನಸ್ಸಿಲ್ಲ.

ಇನ್ನು ಅದೇ ವಿಮಾನಗಳ ಇನ್ನೊಂದು ಬಯಲಿನ ಮಾತು.

ಮೊದಲ ಹೆಂಡನ್ ಪ್ರದರ್ಶನ ನಡೆದದ್ದು 1920ರ ಜುಲೈ 3ರಂದು. ಅದಕ್ಕೆ ಹದಿನೈದು ತಿಂಗಳು ಮುಂಚೆ, 1919ರ ಏಪ್ರಿಲ್ 14ರಂದು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಮರುದಿನ, ಪಂಜಾಬಿನ ಗುಜ್ರಾನ್‌ವಾಲಾದ ಮೇಲೆ ಲಾಹೋರಿನಿಂದ ಹಾರಿಬಂದ ಬೈಪ್ಲೇನುಗಳು ಬಾಂಬ್ ಹಾಕಿದ್ದವು, ಮೆಷಿನ್‌ಗನ್ನಿನಿಂದ ಗುಂಡು ಹಾರಿಸಿದ್ದವು. ಊರಿನಲ್ಲಿ ಗಲಭೆಯಾಗಿತ್ತು, ರೈಲು ನಿಲ್ದಾಣಕ್ಕೆ ಬೆಂಕಿ ಬಿದ್ದಿತ್ತು. ಆದರೆ ಬಾಂಬುಗಳು ಬಿದ್ದದ್ದು ಊರಾಚೆಯ ಹಳ್ಳಿಯ ಹತ್ತಿರದ ಜನರ ಮೇಲೂ ಒಂದು ಶಾಲೆಯ ವಿದ್ಯಾರ್ಥಿನಿಲಯದ ಆವರಣದಲ್ಲೂ. ದಾಳಿ ಮಾಡಿದವರಲ್ಲಿ ಒಬ್ಬ ಕ್ಯಾಪ್ಟನ್ ಕಾರ್ಬೆರಿ. ಆ ಗುಂಪಿನವರು ಗಲಭೆಗೆ ಹೊರಟವರೇ, ಹೊಲದಿಂದ ಮನೆಗೆ ಬರುತ್ತಿದ್ದವರೇ ಎಂದು ಮೇಲಿನಿಂದ ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಹಂಟರ್ ಸಮಿತಿಯ ಮುಂದೆ ಎದ್ದಿತು. ಆ ಪ್ರಶ್ನೆಗೆ ಒಪ್ಪುವ ಉತ್ತರ ಅಂದೂ ಸಿಗಲಿಲ್ಲ, ಇಂದೂ ಸಿಕ್ಕಿಲ್ಲ.

ಹೆಂಡನ್ನಿನಲ್ಲಿ ಮೊದಲ ಪ್ರದರ್ಶನ ನಡೆದ ಅದೇ ವಾರ ಇರಾಕಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದೊಡ್ಡ ಬಂಡಾಯ ಶುರುವಾಗಿತ್ತು. ಜೂನ್ 30ರಂದು ರುಮೈಥಾ ಎಂಬ ಊರಿನಲ್ಲಿ ಹೊತ್ತಿದ ಕಿಡಿ ಯೂಫ್ರಟಿಸ್ ನದಿಯ ದಂಡೆಗುಂಟ ಹಬ್ಬಿತು. ಅದನ್ನು ಅಡಗಿಸಲು ಸೈನ್ಯಕ್ಕೆ ವಿಪರೀತ ಖರ್ಚಾಯಿತು. ಯುದ್ಧದಿಂದ ಬಸವಳಿದ ಬ್ರಿಟನ್ನಿಗೆ ಆ ಖರ್ಚು ಭಾರ. 1921ರ ಮಾರ್ಚಿನಲ್ಲಿ ಕೈರೋದಲ್ಲಿ ಸಭೆ ಸೇರಿದಾಗ, ಆಗ ವಸಾಹತು ಸಚಿವನಾಗಿದ್ದ ವಿನ್ಸ್‌ಟನ್ ಚರ್ಚಿಲ್ ಇರಾಕಿನ ಕಾವಲನ್ನು ವಾಯುಪಡೆಗೆ ಒಪ್ಪಿಸುವ ದಾರಿ ಹಿಡಿದ. 1922ರ ಅಕ್ಟೋಬರಿನಲ್ಲಿ ಹೊಣೆ ಅಧಿಕೃತವಾಗಿ ಹಸ್ತಾಂತರವಾಯಿತು. ತೆರಿಗೆ ಕಟ್ಟದ, ಮಾತು ಕೇಳದ ಬುಡಕಟ್ಟಿನ ಹಳ್ಳಿಗಳ ಮೇಲೆ ವಿಮಾನ ಕಳಿಸಿದರೆ ಸಾಕು, ಸಾವಿರಾರು ಸೈನಿಕರ ಕಾಲ್ನಡಿಗೆ ಬೇಕಿಲ್ಲ ಎಂಬುದು ಲೆಕ್ಕಾಚಾರ.

ವಾಯುಪಡೆಗೂ ಇದು ಉಳಿವಿನ ಪ್ರಶ್ನೆಯಾಗಿತ್ತು. ಅದು ಹುಟ್ಟಿದ್ದೇ 1918ರ ಏಪ್ರಿಲ್ 1ರಂದು. ಯುದ್ಧ ಮುಗಿದ ಮೇಲೆ ಪ್ರತ್ಯೇಕ ವಾಯುಪಡೆ ಯಾಕೆ ಬೇಕು ಎಂದು ಭೂಸೈನ್ಯವೂ ನೌಕಾಪಡೆಯೂ ಕೇಳುತ್ತಿದ್ದವು. ಅದರ ಮುಖ್ಯಸ್ಥ ಹ್ಯೂ ಟ್ರೆಂಚರ್ಡ್ ಎರಡು ಕಡೆ ಉತ್ತರ ಕೊಡಬೇಕಿತ್ತು. ಇರಾಕಿನಲ್ಲಿ ಕೆಲಸ ಮಾಡಿ ತೋರಿಸಬೇಕು, ಹೆಂಡನ್ನಿನಲ್ಲಿ ತೆರಿಗೆ ಕಟ್ಟುವ ಜನರಿಗೆ ಆ ಕೆಲಸ ಎಷ್ಟು ಸೊಗಸು ಎಂದು ತೋರಿಸಬೇಕು. ಹೆಂಡನ್ನಿನಲ್ಲಿ ಪಲ್ಟಿ ಹೊಡೆದ ಸ್ನೈಪ್ ಜಾತಿಯ ವಿಮಾನಗಳೇ ಬಾಗ್ದಾದಿನ ಹೊರಗಿನ ನೆಲೆಯಲ್ಲೂ ಇದ್ದವು. ಹೆಂಡನ್ನಿನಲ್ಲಿ ಸಾಲಾಗಿ ಹಾರಿದ ಡಿಎಚ್‌-9ಎ ಜಾತಿಯ ವಿಮಾನಗಳೇ ಇರಾಕಿನ ಹಳ್ಳಿಗಳ ಮೇಲೆ ಬಾಂಬ್ ಹೊತ್ತು ಹೋದವು. ಕ್ಯಾನ್ವಾಸಿನ ಊರೂ ಮಣ್ಣಿನ ಊರೂ ಒಂದೇ ಯಂತ್ರದ ಎರಡು ಗುರಿಗಳು.

ಈ ಎರಡು ಊರುಗಳ ನಡುವೆ ನಿಂತ ಒಬ್ಬ ಮನುಷ್ಯನ ಕತೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಆತನ ಹೆಸರು ಲಯೊನೆಲ್ ಚಾರ್ಲ್‌ಟನ್. ವಾಯುಪಡೆಯ ಏರ್ ಕಮೋಡೋರ್, ಮಹಾಯುದ್ಧದಲ್ಲಿ ದುಡಿದವನು, ಹೆಸರು ಮಾಡಿದವನು. 1923ರಲ್ಲಿ ಇರಾಕಿನ ವಾಯುಪಡೆಯ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿ ಹೋದ. ಬಾಂಬ್ ಹಾಕುವ ಆಜ್ಞೆಗಳ ಕಾಗದ ಓಡಾಡುತ್ತಿದ್ದ ಕಚೇರಿ ಅದು. ಹೋದ ಹೊಸತರಲ್ಲಿ ದಿವಾನಿಯಾ ಎಂಬ ಊರಿನ ಆಸ್ಪತ್ರೆಗೆ ಭೇಟಿ ಕೊಟ್ಟ. ಅಲ್ಲಿ ಬ್ರಿಟಿಷ್ ಬಾಂಬಿನಿಂದ ಗಾಯಗೊಂಡ ಸ್ಥಳೀಯ ಜನ ಮಲಗಿದ್ದರು. ಆ ನೋಟ ಅವನನ್ನು ಬಿಡಲಿಲ್ಲ. ಯುದ್ಧದಲ್ಲಿ ಶತ್ರುವಿನ ಮೇಲೆ ಬಾಂಬ್ ಹಾಕುವುದು ಒಂದು, ಯುದ್ಧವೇ ಇಲ್ಲದಾಗ ಊರಿನ ಮೇಲೆ, ಯಾರು ಎತ್ತ ಎಂದು ನೋಡದೆ ಹಾಕುವುದು ಇನ್ನೊಂದು ಎಂಬುದು ಅವನಿಗೆ ಖಚಿತವಾಯಿತು. ಮೇಲಧಿಕಾರಿಯ ಜೊತೆ ಒಮ್ಮತ ಆಗಲಿಲ್ಲ. ತನ್ನನ್ನು ಆ ಹುದ್ದೆಯಿಂದ ಬಿಡಿಸಿ ಎಂದು ಕೇಳಿಕೊಂಡು ಇಂಗ್ಲೆಂಡಿಗೆ ಮರಳಿದ. ದೊಡ್ಡ ಗದ್ದಲವಾಗಲಿಲ್ಲ, ವಿಚಾರಣೆಯೂ ಆಗಲಿಲ್ಲ. 1928ರಲ್ಲಿ ನಿವೃತ್ತನಾದ. 1931ರಲ್ಲಿ ಬಂದ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದ. ತನ್ನನ್ನೇ ‘ಅವನು’ ಎಂದು ಕರೆದುಕೊಂಡು, ಮೂರನೆಯವನ ಕತೆ ಹೇಳುವವನಂತೆ ಬರೆದ.

ಚಾರ್ಲ್‌ಟನ್ ಸಂತನೇನಲ್ಲ. ಮುಂದೆ ಹುಡುಗರಿಗಾಗಿ ಸಾಹಸದ ಕತೆಗಳನ್ನೂ ಬರೆದ. ಹಾರಾಟದ ಮೋಹ ಅವನಿಗೂ ತಪ್ಪಲಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಅವನಿಗೆ ಬಾಂಬಿನ ತೂಕ ಗೊತ್ತಿತ್ತು, ಅದು ಏನು ಮಾಡುತ್ತದೆ ಎಂಬ ವರದಿಗಳನ್ನೂ ಓದಿದ್ದ. ಗೊತ್ತಿದ್ದುದರಿಂದ ಏನೂ ಆಗಲಿಲ್ಲ. ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಹೋದಾಗ ಆಯಿತು. ಅಂದರೆ ಅವನ ನೀತಿ ಬದಲಾಗುವ ಮೊದಲು ಅವನು ನಿಂತ ಜಾಗ ಬದಲಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೆಂಡನ್ನಿನದು ನಾಟಕ ತಾನೆ? ನಾಟಕದಲ್ಲಿ ಭಯಂಕರವಾದುದನ್ನು ನೋಡಿ ಆನಂದಪಡುವುದು ತಪ್ಪೆಂದರೆ ನಮ್ಮ ರಂಗಭೂಮಿಯೆಲ್ಲ ಮುಚ್ಚಬೇಕು. ಭಯಾನಕವೂ ಒಂದು ರಸ ಎಂದು ಭರತನೇ ಎಣಿಸಿದ್ದಾನೆ. ಬದುಕಿನಲ್ಲಿ ಭಯ ಓಡಿಸುತ್ತದೆ, ರಂಗದ ಮೇಲೆ ಅದೇ ಭಯ ಕೂರಿಸಿ ನೋಡಿಸುತ್ತದೆ. ಹಾಗಾದರೆ ಕ್ಯಾನ್ವಾಸಿನ ಊರು ಸುಟ್ಟದ್ದನ್ನು ನೋಡಿ ಚಪ್ಪಾಳೆ ತಟ್ಟಿದವರು ರಸಿಕರಲ್ಲವೇ?

ಈ ಆಕ್ಷೇಪಕ್ಕೆ ಉತ್ತರ ನಮ್ಮ ಕಾವ್ಯಮೀಮಾಂಸೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಭಯ ಹೇಗೆ ರಸವಾಗುತ್ತದೆ ಎಂದು ವಿವರಿಸುವಾಗ ಅಭಿನವಗುಪ್ತ ಒಂದು ಉದಾಹರಣೆ ಆರಿಸಿಕೊಳ್ಳುತ್ತಾನೆ. ಅದು ಕಾಳಿದಾಸನ ಶಾಕುಂತಲದ ಮೊದಲ ಅಂಕದ ಜಿಂಕೆ. ರಥದಲ್ಲಿ ಅಟ್ಟಿಸಿಕೊಂಡು ಬರುವ ದುಷ್ಯಂತ, ಮುಂದೆ ಓಡುವ ಜಿಂಕೆ. ಕಾಳಿದಾಸ ಆ ಬೇಟೆಯನ್ನು ರಥದ ಮೇಲಿಂದಲೇ ತೋರಿಸುತ್ತಾನೆ, ಬಣ್ಣಿಸುವವನೂ ಬೇಟೆಗಾರನೇ. ಆದರೂ ಅಲ್ಲಿ ನಮಗೆ ಕಾಣುವುದು ಬಾಣದ ಗುರಿಯಲ್ಲ, ಜಿಂಕೆ. ಅದು ತಿರುತಿರುಗಿ ನೋಡುವ ಕತ್ತು, ಬಾಯಿಂದ ಜಾರುವ ಅರೆಜಗಿದ ಹುಲ್ಲು, ಬಾಣಕ್ಕೆ ಹೆದರಿ ಮುದುಡಿಕೊಳ್ಳುವ ಮೈ. ಅದರ ಭಯ ನಮ್ಮದಾಗುತ್ತದೆ. ಯಾವ ಜಿಂಕೆ, ಯಾವ ರಾಜ ಎಂಬ ಗಡಿ ಕರಗಿ, ಭಯವೆಂದರೆ ಹೀಗೆ ಎಂಬುದಷ್ಟೇ ಉಳಿಯುತ್ತದೆ. ಆಗಲೇ ಒಬ್ಬ ತಪಸ್ವಿ ಅಡ್ಡ ಬಂದು ಕೈಯೆತ್ತುತ್ತಾನೆ: ಇದು ಆಶ್ರಮದ ಜಿಂಕೆ, ಕೊಲ್ಲಬೇಡ. ರಾಜ ಬಿಲ್ಲು ಇಳಿಸುತ್ತಾನೆ.

ಹೆಂಡನ್ನಿನ ನಾಟಕದಲ್ಲಿ ರಥವಿತ್ತು, ವೇಗವಿತ್ತು, ಬಿಲ್ಲಾಳಿನ ಕೈಚಳಕವಿತ್ತು. ಜಿಂಕೆ ಮಾತ್ರ ಇರಲಿಲ್ಲ. ‘ಇನ್ನೇನೋ ಮತ್ತೊಂದು’ ಎಂಬ ಹೆಸರಿನವರ ಕತ್ತು ಯಾರಿಗೂ ಕಾಣಲಿಲ್ಲ. ಅವರ ಓಟ ನಗು ತರಿಸಲು ಇತ್ತು. ಕೈಯೆತ್ತುವ ತಪಸ್ವಿಯ ಪಾತ್ರವನ್ನು ಆ ನಾಟಕದ ಕತೆಗಾರ ಬರೆದಿರಲಿಲ್ಲ.

ನಮ್ಮ ಯಕ್ಷಗಾನವನ್ನೇ ನೋಡಿ. ರಾಕ್ಷಸ ಸಾಯುವವನು ಎಂದು ಬಯಲಿನಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಬಣ್ಣದ ವೇಷಕ್ಕೆ ಅದರದೇ ಒಡ್ಡೋಲಗ, ಅದರದೇ ಅಬ್ಬರ, ಅದರದೇ ಮಾತಿನ ಸರದಿ ಉಂಟು. ಒಳ್ಳೆಯ ಅರ್ಥಧಾರಿ ರಾವಣನಾದರೆ ರಾಮನಿಗೆ ಉತ್ತರ ಹುಡುಕಲು ಕಷ್ಟವಾಗಬೇಕು. ಕನ್ನಡದ ಹಳೆಯ ಕವಿಗಳೂ ಅಷ್ಟೆ. ಪಂಪನಿಗೆ ಕರ್ಣ ಎದುರು ಪಾಳೆಯದವನಾದರೂ ಮರೆಯಬಾರದ ವ್ಯಕ್ತಿ. ರನ್ನನಿಗೆ ದುರ್ಯೋಧನನ ಸಾವು ಬರೀ ಗೆಲುವಲ್ಲ, ಒಂದು ದೊಡ್ಡ ನಷ್ಟ. ಎದುರಾಳಿಗೆ ಮಾತು ಕೊಟ್ಟ ಮೇಲೂ ಅವನನ್ನು ಸೋಲಿಸಬಹುದು, ಬೇಕಿದ್ದರೆ ಕೊಲ್ಲಲೂಬಹುದು. ಆದರೆ ಆಮೇಲೆ ಚಪ್ಪಾಳೆ ತಟ್ಟುವ ಕೈ ಒಂದು ಗಳಿಗೆ ತಡೆಯುತ್ತದೆ. ಆ ತಡೆಯೇ ಕಲೆಗೂ ಪ್ರಚಾರಕ್ಕೂ ಇರುವ ವ್ಯತ್ಯಾಸ ಎಂದು ನನ್ನ ಎಣಿಕೆ. ಹೆಂಡನ್ನಿನ ಊರಿನವರಿಗೆ ಒಂದೇ ಒಂದು ಸಾಲಿನ ಮಾತೂ ಇರಲಿಲ್ಲ. ಮೇಲಾಗಿ, ರಂಗದ ಬೆಂಕಿ ರಂಗದಲ್ಲೇ ಆರುತ್ತದೆ. ಅಲ್ಲಿ ನಟರಾಗಿದ್ದ ಯಂತ್ರಗಳಿಗೆ ಬೇರೆ ಕಡೆ ನಿಜವಾದ ಕೆಲಸ ಕಾದಿತ್ತು.

ಇನ್ನೂ ಎರಡು ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಪ್ರದರ್ಶನದಿಂದ ಬಂದ ಹಣ ವಾಯುಪಡೆಯ ನೆರವಿನ ನಿಧಿಗಳಿಗೆ ಹೋಗುತ್ತಿತ್ತು. ಸತ್ತ ಪೈಲಟರ ಹೆಂಡತಿ ಮಕ್ಕಳಿಗೆ, ಅಂಗ ಕಳೆದುಕೊಂಡವರಿಗೆ ಅದು ಆಸರೆ. ಟಿಕೆಟ್ ಕೊಂಡವರಲ್ಲಿ ಅನೇಕರು ಮಹಾಯುದ್ಧದಲ್ಲಿ ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರೇ ಇದ್ದಿರಬೇಕು. ಅವರ ದುಃಖ ಸುಳ್ಳಲ್ಲ, ಕೊಟ್ಟ ಕಾಸೂ ಖೋಟಾ ಅಲ್ಲ. ಆದರೆ ನಮ್ಮವರ ಗಾಯಕ್ಕೆ ಕೊಟ್ಟ ಮದ್ದು, ನಾವು ಮಾಡಿದ ಗಾಯದ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ. ಎರಡೂ ಬೇರೆ ಬೇರೆ ಖಾತೆಗಳು.

ಎರಡನೆಯದು ಆಗಿನ ಸರ್ಕಾರ ಮುಂದಿಟ್ಟ ವಾದ. ಸೈನ್ಯ ನುಗ್ಗಿದರೆ ಹೆಚ್ಚು ಜನ ಸಾಯುತ್ತಾರೆ, ವಿಮಾನದ ದಾರಿಯೇ ಮೆದು. ಎಷ್ಟೋ ಸಲ ಮೊದಲು ಎಚ್ಚರಿಕೆಯ ಕರಪತ್ರ ಉದುರಿಸುತ್ತೇವೆ, ಜನ ಊರು ಬಿಡುತ್ತಾರೆ, ಆಮೇಲೆ ಬರೀ ಮನೆಗಳ ಮೇಲೆ ಬಾಂಬ್. ವಾದದಲ್ಲಿ ಒಂದಿಷ್ಟು ಹುರುಳಿರಬಹುದು. ಆದರೆ ಬರೀ ಮನೆ ಎಂದರೇನು ಎಂದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಕಣಜದ ಕಾಳು, ಕಟ್ಟಿದ ದನ, ಎದ್ದು ನಡೆಯಲಾಗದ ಮುದುಕಿ ಅದರಲ್ಲಿ ಸೇರುತ್ತಾರೆ. ದಿವಾನಿಯಾದ ಆಸ್ಪತ್ರೆಯಲ್ಲಿ ಮಲಗಿದ್ದು ಮನೆಗಳಲ್ಲ.

ಈ ವಾದ ಎಲ್ಲಿಗೆ ಹೋಗಿ ನಿಂತಿತು ಎಂಬುದು ಇತಿಹಾಸದಲ್ಲಿ ದಾಖಲಾಗಿದೆ. ಜಿನೀವಾದಲ್ಲಿ ನಡೆದ ನಿಶ್ಶಸ್ತ್ರೀಕರಣ ಸಮ್ಮೇಳನಕ್ಕೆ 1933ರಲ್ಲಿ ಬ್ರಿಟನ್ ಒಂದು ಕರಡು ಒಪ್ಪಂದ ಕೊಟ್ಟಿತು. ಆಕಾಶದಿಂದ ಬಾಂಬ್ ಹಾಕುವುದನ್ನು ಸಂಪೂರ್ಣ ನಿಲ್ಲಿಸಬೇಕೆಂದು ಅದರಲ್ಲಿತ್ತು. ಕೂಡಲೇ ಒಂದು ವಿನಾಯಿತಿಯೂ ಇತ್ತು: ದೂರದ ಕೆಲವು ಪ್ರದೇಶಗಳಲ್ಲಿ ಪೊಲೀಸ್ ಕೆಲಸಕ್ಕಾಗಿ ಹಾಕಬಹುದು. ದೂರ ಎಂದರೆ ಯಾರಿಂದ ದೂರ? ಅಲ್ಲಿ ಹುಟ್ಟಿದವರಿಗೆ ಅದು ಅಂಗಳ. ಇಡೀ ಅನ್ಯಾಯ ಆ ಒಂದು ‘ದೂರದ’ ಎಂಬ ಪದದೊಳಗೆ ಕೂತಿದೆ. ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಎಂಬ ಹೋರಾಟಗಾರ್ತಿ 1930ರ ದಶಕದ ನಡುವೆ ಲಂಡನ್ನಿನ ಬಳಿಯ ವುಡ್‌ಫರ್ಡ್‌ನಲ್ಲಿ ಕಲ್ಲಿನ ಒಂದು ಬಾಂಬನ್ನು ಸ್ಮಾರಕವಾಗಿ ನಿಲ್ಲಿಸಿದಳು. 1932ರಲ್ಲಿ ಬಾಂಬ್ ವಿಮಾನ ಬಳಸುವ ಹಕ್ಕನ್ನು ಎತ್ತಿಹಿಡಿದವರಿಗೆ ಅದನ್ನು ವ್ಯಂಗ್ಯವಾಗಿ ‘ಅರ್ಪಿಸಿದ್ದಳು’. ಹೆಂಡನ್ನಿನ ಜಾತ್ರೆ ಇನ್ನೂ ನಡೆಯುತ್ತಿದ್ದ ಕಾಲವದು. ಅದೇ ಮಹಾನಗರದ ಇನ್ನೊಂದು ಅಂಚಿನಲ್ಲಿ ಒಬ್ಬಳಾದರೂ ಕೈಯೆತ್ತಿದ್ದಳು.

ಕೊನೆಯ ಹೆಂಡನ್ ಪ್ರದರ್ಶನ ನಡೆದದ್ದು 1937ರ ಜೂನ್ 26ರಂದು. ಅದಕ್ಕೆ ಸರಿಯಾಗಿ ಎರಡು ತಿಂಗಳು ಹಿಂದೆ, ಏಪ್ರಿಲ್ 26ರಂದು, ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಜರ್ಮನ್ ಮತ್ತು ಇಟಲಿಯ ವಿಮಾನಗಳು ಸುಟ್ಟುಹಾಕಿದ್ದವು. ಸಂತೆಯ ದಿನ, ಸೋಮವಾರ. ಓಡುವ ಜನರ ಮೇಲೆ ತಗ್ಗಿ ಬಂದು ಗುಂಡು ಹಾರಿಸಿದ ವಿಮಾನಗಳಲ್ಲಿ ಹೈಂಕೆಲ್ ಬೈಪ್ಲೇನುಗಳೂ ಇದ್ದವು. ಈ ಸಲ ಸುಟ್ಟದ್ದು ಯುರೋಪಿನ ಊರು, ಹಾಗಾಗಿ ಯುರೋಪು ಬೆಚ್ಚಿತು. 1940ರ ಹೊತ್ತಿಗೆ ಲಂಡನ್ನಿನ ಮೇಲೇ ಬಾಂಬ್ ಬೀಳುತ್ತಿತ್ತು. ಹೆಂಡನ್ನಿನಲ್ಲಿ ಅಪ್ಪನ ಹೆಗಲೇರಿ ಕ್ಯಾನ್ವಾಸಿನ ಊರು ಉರಿಯುವುದನ್ನು ಕಂಡ ಎಷ್ಟೋ ಮಕ್ಕಳು ಆಗ ದೊಡ್ಡವರಾಗಿ, ತಮ್ಮ ಮಕ್ಕಳನ್ನು ಅಪ್ಪಿಕೊಂಡು ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮಲಗಿದ್ದಿರಬೇಕು. ಇದನ್ನು ಮಾಡಿದ್ದುಣ್ಣೋ ಮಹಾರಾಯ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಲಂಡನ್ನಿನ ಮಗು ಸತ್ತರೆ ಇರಾಕಿನ ಮಗುವಿಗೆ ನ್ಯಾಯ ಸಿಗುವುದಿಲ್ಲ. ಅಷ್ಟೇ ಅಲ್ಲ, ತಾವು ಕೆಳಗಿದ್ದು ಅನುಭವಿಸಿದವರು ಕೂಡ ಮೇಲಿನ ನೋಟವನ್ನು ಬಿಡಲಿಲ್ಲ. 1920ರ ದಶಕದಲ್ಲಿ ಇರಾಕಿನಲ್ಲಿ ಒಂದು ಸ್ಕ್ವಾಡ್ರನ್ನಿನ ಮುಂದಾಳಾಗಿದ್ದ ಆರ್ಥರ್ ಹ್ಯಾರಿಸ್‌ನೇ 1942ರಿಂದ ಜರ್ಮನಿಯ ನಗರಗಳ ಮೇಲಿನ ಬಾಂಬ್ ದಾಳಿಯ ದಂಡನಾಯಕನಾದ.

ಮತ್ತೆ ಯಲಹಂಕಕ್ಕೆ ಬರುತ್ತೇನೆ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಪಾಸು ಇದ್ದವರು ಒಳಗೆ, ಇಲ್ಲದವರು ಬಳ್ಳಾರಿ ರಸ್ತೆಯಲ್ಲಿ ಬೈಕು ನಿಲ್ಲಿಸಿ ಕತ್ತೆತ್ತಿ ನಿಂತಿರುತ್ತಾರೆ. ಹೆಂಡನ್ನಿನ ದಿಬ್ಬದ ಜನರಂತೆಯೇ. ನಮ್ಮ ಪ್ರದರ್ಶನದಲ್ಲಿ ಕ್ಯಾನ್ವಾಸಿನ ಊರು ಇಲ್ಲ, ಯಾರನ್ನೂ ಅಣಕಿಸುವ ಹೆಸರಿಲ್ಲ. ಅದು ನಿಜವಾಗಿಯೂ ಒಂದು ಮುನ್ನಡೆ. ಆದರೆ ಒಮ್ಮೊಮ್ಮೆ ಅನ್ನಿಸುತ್ತದೆ: ಹೆಂಡನ್ನಿನವರು ಕೆಟ್ಟದಾಗಿಯಾದರೂ ಕೆಳಗೊಂದು ಊರಿದೆ ಎಂದು ತೋರಿಸಿದ್ದರು. ನಾವು ಊರನ್ನೇ ತೆಗೆದುಬಿಟ್ಟಿದ್ದೇವೆ. ಉಳಿದದ್ದು ನೀಲಿ ಆಕಾಶ, ಬಣ್ಣದ ಹೊಗೆ, ಹೃದಯದ ಆಕಾರ.

ನಾನು ವಾಯುಪಡೆಯೇ ಬೇಡ ಎನ್ನುವವನಲ್ಲ. 1940ರಲ್ಲಿ ಎಚ್‌ಎಎಲ್ ಹುಟ್ಟಿದ ಊರು ಇದು. ನಮ್ಮ ಬೀದಿಯಲ್ಲೇ ಅಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಅವರ ಕೈಕೆಲಸದ ಮೇಲೆ ನನಗೆ ಗೌರವವಿದೆ. ಗಡಿ ಕಾಯುವವರಿಂದಲೇ ನಾನು ನಿಶ್ಚಿಂತೆಯಿಂದ ಈ ಪ್ರಬಂಧ ಬರೆಯುತ್ತಿರುವುದು ಎಂಬ ಅರಿವೂ ಇದೆ. ಕತ್ತಿ ಬೇಕಾಗುವ ಕಾಲ ಬರಬಹುದು. ಆದರೆ ಕತ್ತಿ ಏನೆಂಬುದನ್ನು ಮರೆತವನ ಕೈಗೆ ಅದನ್ನು ಕೊಡಬಾರದು. ಪ್ರಜಾಪ್ರಭುತ್ವದಲ್ಲಿ ಆ ಕೈ ನಮ್ಮದು. ಯಾವ ವಿಮಾನ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವರನ್ನು ಆರಿಸುವವರು ಕತ್ತೆತ್ತಿ ನಿಂತ ನಾವೇ.

ಹಾಗಾಗಿ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ತಪ್ಪು ಯಂತ್ರದ ಚೆಲುವಿನಲ್ಲಿಲ್ಲ, ಅದನ್ನು ಕಂಡು ಹಿಗ್ಗುವ ಮನಸ್ಸಿನಲ್ಲೂ ಇಲ್ಲ. ಹಿಗ್ಗಿನ ಭರದಲ್ಲಿ ಕೆಳಗೆ ನೋಡುವುದನ್ನು ಬಿಟ್ಟುಬಿಡುವುದರಲ್ಲಿದೆ. ಚಾರ್ಲ್‌ಟನ್ ಹಾರಾಟವನ್ನು ಪ್ರೀತಿಸುತ್ತಲೇ ಆಸ್ಪತ್ರೆಯೊಳಗೆ ಹೋದ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ, ಸಂತೋಷಕ್ಕೆ ಒಂದಿಷ್ಟು ಕಹಿ ಬೆರೆಯುತ್ತದೆ. ಆ ಕಹಿ ಇರಲಿ. ಅದಿಲ್ಲದ ಚಪ್ಪಾಳೆಯನ್ನು ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಿಕೊಳ್ಳಬಹುದು.

ಅಕ್ಕನ ಮಗ ಈಗ ಹೈಸ್ಕೂಲು. ಮುಂದಿನ ಸಲವೂ ಹೋಗೋಣ ಮಾವ ಎನ್ನುತ್ತಿದ್ದಾನೆ. ಹೋಗುತ್ತೇವೆ. ಅವನು ಆ ಹಳೆಯ ಪ್ರಶ್ನೆಯನ್ನು ಮರೆತಿದ್ದಾನೆ. ನಾನೇ ನೆನಪಿಸಬೇಕೆಂದಿದ್ದೇನೆ. ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ ಕಣೋ, ನಾನು ಕೊಟ್ಟ ಉತ್ತರ ತಪ್ಪು ಎಂದು ಹೇಳಬೇಕು. ಆಮೇಲೆ ಇಬ್ಬರೂ ಕತ್ತೆತ್ತಿ ವಿಮಾನ ನೋಡುತ್ತೇವೆ.